ಪಾದ್ರಿಯ ಮುಂದೆ ಓದಿದ ದೇಶ

ಕಂಪ್ಯೂಟರ್ ಪರದೆಯನ್ನು ಶಿಶುವಿಹಾರದವರೆಗೂ ಕೊಂಡೊಯ್ದಿದ್ದ ಸ್ವೀಡನ್, 2023ರಲ್ಲಿ ಅಚ್ಚಿನ ಪುಸ್ತಕಕ್ಕಾಗಿ ಬೊಕ್ಕಸ ತೆರೆಯಿತು. ಶಾಲೆಗಳು ಪುಸ್ತಕ ಕೊಳ್ಳಲೆಂದು ಆ ವರ್ಷ ಅಲ್ಲಿನ ಸರ್ಕಾರ ತೆಗೆದಿಟ್ಟದ್ದು 68.5 ಕೋಟಿ ಕ್ರೋನಾ. ಈ ತಿರುವಿನ ತೂಕ ತಿಳಿಯಬೇಕಾದರೆ ಆ ನಾಡಿನ ಓದಿನ ಹಳೆಯ ಕಥೆಯನ್ನು ಕೊಂಚ ಕೆದಕಬೇಕು.

ಹನ್ನೊಂದನೆಯ ಕಾರ್ಲ್ ದೊರೆಯ ಕಾಲದಲ್ಲಿ, 1686ರಲ್ಲಿ ಬಂದ ಚರ್ಚ್ ಕಾನೂನು, ಮಕ್ಕಳಷ್ಟೇ ಅಲ್ಲ, ಮನೆಯ ಆಳುಕಾಳುಗಳೂ ಓದಲು ಕಲಿಯಬೇಕೆಂದು ವಿಧಿಸಿತು. ದೇವರ ವಾಕ್ಯವನ್ನು ಪ್ರತಿಯೊಬ್ಬರೂ ಸ್ವಂತ ಕಣ್ಣಿನಿಂದ ಕಾಣಬೇಕೆಂಬುದು ಲೂಥರ್ ಪಂಥದ ಹಂಬಲ. ಆದರೆ ಹಳ್ಳಿಗಳಲ್ಲಿ ಶಾಲೆಗಳೆಲ್ಲಿದ್ದವು? ಕಲಿಸುವ ಹೊಣೆ ತಂದೆತಾಯಿ ಹಾಗೂ ಮನೆಯೊಡೆಯರ ಮೇಲೆ ಬಿತ್ತು. ಪರೀಕ್ಷಿಸುವ ಕೆಲಸ ಪಾದ್ರಿಯದಾಯಿತು. ನಿಗದಿಯಾದ ದಿನ ನೆರೆಹೊರೆಯ ಕುಟುಂಬಗಳು ಒಂದು ಮನೆಯಲ್ಲಿ ಸೇರುತ್ತಿದ್ದವು. ಪಾದ್ರಿ ಒಬ್ಬೊಬ್ಬರನ್ನೇ ಕರೆದು ಓದಿಸುತ್ತಿದ್ದ, ಲೂಥರನ ಪ್ರಶ್ನೋತ್ತರ ಪುಸ್ತಕವನ್ನು ಬಾಯಿಪಾಠ ಒಪ್ಪಿಸುವಂತೆ ಹೇಳುತ್ತಿದ್ದ, ಅರ್ಥವಾಗಿದೆಯೇ ಎಂದೂ ಕೇಳುತ್ತಿದ್ದ. ಫಲಿತಾಂಶವನ್ನು ಚರ್ಚಿನ ದಪ್ಪ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಮುಂದೆ ಗುರುತು ಹಾಕುತ್ತಿದ್ದ. ಊರವರೆಲ್ಲರ ಎದುರು ತಡವರಿಸಿದವರ ಪಾಡು ಊಹಿಸಿಕೊಳ್ಳಬಹುದು!

ಸೋಜಿಗವೆಂದರೆ, ಬರೆಯಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಹೀಗಾಗಿ ಓದಬಲ್ಲ, ಆದರೆ ಸಹಿ ಹಾಕಲಾರದ ಜನರೇ ತುಂಬಿದ ದೇಶ ಅದಾಯಿತು. ಪ್ರತಿ ಪ್ಯಾರಿಷ್‌ನಲ್ಲೂ ಶಾಲೆ ಇರಬೇಕೆಂಬ ಶಾಸನ ಬಂದದ್ದು 1842ರಲ್ಲಿ. ಅಷ್ಟರೊಳಗೆ ಹೆಂಗಸರೂ ಗಂಡಸರೂ ಹೆಚ್ಚುಕಡಿಮೆ ಎಲ್ಲರೂ ಓದುಬಲ್ಲವರಾಗಿದ್ದರು ಎಂಬುದನ್ನು ಇತಿಹಾಸಕಾರ ಎಗಿಲ್ ಯೋಹಾನ್ಸನ್ ಅದೇ ಲೆಕ್ಕದ ಪುಸ್ತಕಗಳಿಂದ ತೋರಿಸಿಕೊಟ್ಟರು. ಮನೆಯಲ್ಲಿದ್ದದ್ದು ನಾಲ್ಕಾರು ಪುಸ್ತಕ. ಅವನ್ನೇ ವರ್ಷಗಟ್ಟಲೆ ತಿರುತಿರುಗಿ ಓದಬೇಕು. ಅದು ಸ್ವತಂತ್ರ ಓದೇನೂ ಅಲ್ಲ, ಹೆದರಿಕೆಯ ನೆರಳಿನ ಓದು. ಆದರೂ ಒಂದೇ ಪುಟದ ಮೇಲೆ ಮನಸ್ಸು ನಿಲ್ಲಿಸುವ ಅಭ್ಯಾಸ ಅದರಿಂದ ಬಂದಿರಬೇಕು.

ಇಂಥ ನಾಡು 2017ರಲ್ಲಿ ಶಾಲೆಗಳಿಗೆ ರಾಷ್ಟ್ರೀಯ ಡಿಜಿಟಲ್ ನೀತಿ ತಂದಿತು. 2019ರ ಪಠ್ಯಕ್ರಮದಲ್ಲಿ ಶಿಶುವಿಹಾರದ ಮಕ್ಕಳಿಗೂ ಡಿಜಿಟಲ್ ಸಾಧನಗಳು ಬಂದವು. 2016ರ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೆಯ ತರಗತಿಯ ಮಕ್ಕಳು ಸರಾಸರಿ 555 ಅಂಕ ಗಳಿಸಿದ್ದರು. 2021ರಲ್ಲಿ ಅದು 544ಕ್ಕೆ ಇಳಿಯಿತು. ಆಗಿನ ಶಾಲಾ ಸಚಿವೆ ಲೊಟ್ಟಾ ಎಡ್‌ಹೋಮ್ ಪುಸ್ತಕದ ಪರ ನಿಂತರು. ಕರೋಲಿನ್‌ಸ್ಕಾ ವೈದ್ಯಕೀಯ ಸಂಸ್ಥೆಯ ತಜ್ಞರೂ ದನಿಗೂಡಿಸಿದರು.

ಎಲ್ಲ ಪಾಪವನ್ನೂ ಪರದೆಯ ತಲೆಗೆ ಕಟ್ಟುವುದು ಆತುರದ ಮಾತು. 544 ಕೂಡ ಜಗತ್ತಿನ ಮಟ್ಟದಲ್ಲಿ ಒಳ್ಳೆಯ ಅಂಕವೇ. ಮನೆಯಲ್ಲಿ ಬೇರೆ ಭಾಷೆಯಾಡುವ ವಲಸಿಗರ ಮಕ್ಕಳೂ ಆ ತರಗತಿಗಳಲ್ಲಿದ್ದಾರೆ, ನಡುವೆ ಕೋವಿಡ್ ಬೇರೆ ಬಂದುಹೋಯಿತು. 54 ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮಾಹಿತಿಯ ಬರಹ ಕಾಗದದ ಮೇಲೆಯೇ ಚೆನ್ನಾಗಿ ಮನನವಾಗುತ್ತದೆ, ಸಮಯದ ಒತ್ತಡವಿದ್ದಾಗ ಈ ಅಂತರ ಇನ್ನೂ ಹೆಚ್ಚು ಎಂದಿತು. ಕಥೆ ಓದುವಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಪಾದ್ರಿಗಳ ಆ ಹಳೆಯ ಲೆಕ್ಕದ ಪುಸ್ತಕಗಳು ಈಗ ಸ್ವೀಡನ್ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಮೆರಿಕಕ್ಕೆ ವಲಸೆ ಹೋದವರ ಮರಿಮಕ್ಕಳು ಮುತ್ತಜ್ಜಿಯ ಹೆಸರಿಗಾಗಿ ಅವನ್ನು ತೆರೆಯುತ್ತಾರೆ. ಪಾದ್ರಿಗಳ ಕೈಬರಹವಂತೂ ಕೊಕ್ಕರೆ ಕಾಲು. ಒಂದು ಸಾಲು ಬಿಡಿಸಲೂ ಸಾಕಷ್ಟು ಹೊತ್ತು ಬೇಕು.