ಕೊಡಂದೇರ ಮಾದಪ್ಪ ಕಾರ್ಯಪ್ಪ
(1899-1993). ಭಾರತದ ಭೂಸೇನೆಗೆ ಪ್ರಥಮ ಭಾರತೀಯ ಮಹಾದಂಡನಾಯಕರಾದವರು. ಮುಂದೆ ಫೀಲ್ಡ್ ಮಾರ್ಷಲ್ ಪದವಿಯನ್ನು ಪಡೆದವರು. 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದರು. ಮನೆಯವರು ‘ಚಿಮ್ಮ’ನೆಂದು ಕರೆಯುತ್ತಿದ್ದ ಬಾಲಕ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದನು.

ಮೊದಲನೆಯ ಮಹಾಯುದ್ಧದಲ್ಲಿ ಅಸಂಖ್ಯ ಭಾರತೀಯ ಸಿಪಾಯಿಗಳು ಪರದೇಶದ ರಣಭೂಮಿಗಳಲ್ಲಿ ರಕ್ತ ಸುರಿಸಿದ ಮೇಲೆ, ಇಂಗ್ಲಿಷರಿಗೆ ಮಾತ್ರ ಮೀಸಲಾಗಿದ್ದ ರಾಜಾಜ್ಞೆಯ ಅಧಿಕಾರಪದವಿಯನ್ನು ಈ ನೆಲದ ಯುವಕರಿಗೂ ಕೊಡಬೇಕೆಂಬ ಒತ್ತಾಯವನ್ನು ಸರ್ಕಾರವು ತಳ್ಳಿಹಾಕಲಾರದೆ, ಇಂದೂರಿನ ಡೇಲಿ ಕಾಲೇಜಿನಲ್ಲಿ ಒಂದು ಸೈನಿಕ ಶಿಕ್ಷಣಶಾಲೆಯನ್ನು ತೆರೆಯಿತು. ಅಲ್ಲಿ ತೇರ್ಗಡೆಯಾದ ಕಾರ್ಯಪ್ಪನವರಿಗೆ 1919ರ ಡಿಸೆಂಬರ್ 1ರಂದು ತಾತ್ಕಾಲಿಕ ಅಧಿಕಾರಪತ್ರ ದೊರೆಯಿತು. ಮೊದಲು ನೇಮಕಗೊಂಡದ್ದು ಮುಂಬಯಿಯಲ್ಲಿದ್ದ 88ನೆಯ ಕರ್ನಾಟಿಕ್ ಪದಾತಿದಳದ ಎರಡನೆಯ ಬೆಟಾಲಿಯನ್ನಿಗೆ. ಅಲ್ಲಿಂದ ನೇಪಿಯರ್ ರೈಫಲ್ಸ್ ದಳದೊಡನೆ ಮೆಸಪೊಟೇಮಿಯಕ್ಕೂ, ತರುವಾಯ ಡೋಗ್ರಾ ದಳದೊಡನೆ ವಜೀರಿಸ್ತಾನದ ಗಡಿಗೂ ಹೋದರು.

ಮುಂದಿನ ಇಪ್ಪತ್ತು ವರ್ಷಗಳನ್ನು ಚರಿತ್ರಕಾರರು ನಾಲ್ಕು ಸಾಲಿನಲ್ಲಿ ಮುಗಿಸುವುದುಂಟು. ಅದು ಸರಿಯಲ್ಲ, ಏಕೆಂದರೆ ಈ ಪುರುಷನ ಯೋಗ್ಯತೆ ರೂಪುಗೊಂಡದ್ದು ಆ ದೀರ್ಘ ನಿರೀಕ್ಷೆಯ ಕಾಲದಲ್ಲಿಯೇ. 1922ರಲ್ಲಿ ಇವರಿಗೆ ಕಾಯಂ ಅಧಿಕಾರಪತ್ರವನ್ನು ಕೊಟ್ಟಾಗ ಅದನ್ನು 1920ರ ಜುಲೈ 17ರಿಂದ ಜಾರಿಗೆ ಬರುವಂತೆ ಬರೆಯಲಾಯಿತು. ಅದರ ಹಿಂದಿನ ದಿನ ಸ್ಯಾಂಡ್‌ಹರ್ಸ್ಟ್ ಶಾಲೆಯಿಂದ ಹೊರಬಿದ್ದ ಇಂಗ್ಲಿಷ್ ತರುಣರೆಲ್ಲರೂ, ಇವರಿಗಿಂತ ಎಷ್ಟೋ ತಿಂಗಳು ತಡವಾಗಿ ಸೈನ್ಯವನ್ನು ಸೇರಿದ್ದರೂ, ಹಿರಿತನದಲ್ಲಿ ಇವರಿಗಿಂತ ಮೇಲಾಗಲೆಂಬುದೇ ಆ ಒಂದು ದಿನದ ಅಂತರದ ಉದ್ದೇಶ. 1923ರ ಫೆಬ್ರವರಿಯಲ್ಲಿ ಅಂದಿನ ದಂಡನಾಯಕ ರಾಲಿನ್‌ಸನ್ ಪ್ರಕಟಿಸಿದ ಯೋಜನೆಯೂ ಇದೇ ಬುದ್ಧಿಯಿಂದ ಹುಟ್ಟಿದ್ದು: ಭಾರತೀಯ ಅಧಿಕಾರಿಗಳನ್ನೆಲ್ಲ ಎಂಟೇ ಎಂಟು ದಳಗಳಿಗೆ ಸೀಮಿತಗೊಳಿಸಿದರೆ ಯಾವ ಆಂಗ್ಲನೂ ಭಾರತೀಯನ ಕೈಕೆಳಗೆ ದುಡಿಯಬೇಕಾಗುವುದಿಲ್ಲವೆಂಬ ಲೆಕ್ಕಾಚಾರ. ಆ ವರ್ಷ ಜೂನ್ ತಿಂಗಳಲ್ಲಿ ಕಾರ್ಯಪ್ಪನವರನ್ನು ವರ್ಗಾಯಿಸಿದ ಏಳನೆಯ ರಜಪೂತ ರೆಜಿಮೆಂಟಿನ ಒಂದನೆಯ ಬೆಟಾಲಿಯನ್ ಆ ಎಂಟರಲ್ಲಿ ಒಂದು. ಅವಮಾನವನ್ನು ಅರಿಯದವರಲ್ಲ ಅವರು. ಆದರೆ ಅದಕ್ಕೆ ಉತ್ತರವನ್ನು ಕೆಲಸದಿಂದಲೇ ಕೊಡಬೇಕೆಂದು ಬಗೆದಂತೆ, ಕರ್ತವ್ಯದಲ್ಲಿ ಕಿಂಚಿತ್ತೂ ಸಡಿಲವಿಲ್ಲದೆ ನಡೆದರು. ಕಾರ್ಯಪ್ಪ ಎಂಬ ಹೆಸರನ್ನು ಉಚ್ಚರಿಸಲಾರದ ಇಂಗ್ಲಿಷ್ ಅಧಿಕಾರಿಯೊಬ್ಬನ ಪತ್ನಿ ಫತೇಗಢದಲ್ಲಿ ಇಟ್ಟ ‘ಕಿಪ್ಪರ್’ ಎಂಬ ಹೆಸರು ಸೈನ್ಯದಲ್ಲಿ ಕೊನೆಯವರೆಗೂ ಉಳಿಯಿತು.

1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯರು ಇವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯ, ಇರಾನ್‌ಗಳಲ್ಲಿಯೂ ಆಮೇಲೆ ಬರ್ಮಾದ ಗಡಿಯಲ್ಲಿಯೂ ಇವರ ಪಾಲಿಗೆ ಬಂದ ಕೆಲಸ ಹೆಚ್ಚಾಗಿ ಅನ್ನ, ಮದ್ದುಗುಂಡು, ವಾಹನ, ದಾರಿ ಇವುಗಳ ವ್ಯವಸ್ಥೆ. ಕೀರ್ತಿಯನ್ನು ತರದ, ಆದರೆ ತಪ್ಪಿದರೆ ಸೈನ್ಯವೇ ಕುಸಿಯುವಂಥ ಕೆಲಸ. 1942ರಲ್ಲಿ ಫತೇಗಢದಲ್ಲಿ ಹೊಸದೊಂದು ರಜಪೂತ ಮೆಷಿನ್‌ಗನ್ ಬೆಟಾಲಿಯನ್ನನ್ನು ಕಟ್ಟಿ ಅದರ ನಾಯಕರಾದರು. ಭಾರತೀಯನೊಬ್ಬನು ಬೆಟಾಲಿಯನ್ನಿಗೆ ಅಧಿಪತಿಯಾದದ್ದು ಅದೇ ಮೊದಲು. ಯುದ್ಧಾನಂತರ ಬ್ರಿಗೇಡಿಯರ್ ಆಗಿ ಬನ್ನೂ ಗಡಿಯಲ್ಲಿದ್ದಾಗ ಇವರ ಕೈಕೆಳಗಿದ್ದ ಅಧಿಕಾರಿಗಳಲ್ಲಿ, ಮುಂದೆ ಪಾಕಿಸ್ತಾನದ ಆಳ್ವಿಕೆಯನ್ನು ಹಿಡಿದ ಅಯೂಬ್ ಖಾನ್ ಒಬ್ಬರು. 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿಗೆ ಕಳುಹಿಸಲ್ಪಟ್ಟರು.

ದೇಶವಿಭಜನೆಯೊಡನೆ ಸೈನ್ಯವೂ ಇಬ್ಭಾಗವಾಯಿತು. ಕೂಡಿ ಉಂಡವರು ಎದುರುಬದುರಾಗಿ ನಿಂತ ಆ ದುಃಖದ ದಿನಗಳಲ್ಲಿ, 1948ರ ಜನವರಿಯಲ್ಲಿ, ಕಾಶ್ಮೀರದ ಯುದ್ಧವೆಲ್ಲವನ್ನೂ ನಿರ್ವಹಿಸಬೇಕಾಗಿದ್ದ ಪಶ್ಚಿಮ ವಿಭಾಗದ ಆಧಿಪತ್ಯ ಕಾರ್ಯಪ್ಪನವರಿಗೆ ಬಂದಿತು. ರಣರಂಗದ ಮುಖ್ಯಕಾರ್ಯಾಲಯವನ್ನು ಇವರು ಜಮ್ಮುವಿನಲ್ಲಿ ಸ್ಥಾಪಿಸಿದರು. ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರು ಫೆಬ್ರವರಿಯಲ್ಲಿ ನೌಶೇರವನ್ನು ರಕ್ಷಿಸಿದರು. ಮಾರ್ಚಿನಲ್ಲಿ ಝಂಗಡ್ ಮರಳಿ ಕೈಸೇರಿತು. ಕಾಶ್ಮೀರ ಕಣಿವೆಯ ಡಿವಿಜನ್ನನ್ನು ಮುನ್ನಡೆಸಿದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ತಿಮ್ಮಯ್ಯನವರು. ಅತ್ಯುನ್ನತವಾದ ಝೋಜಿಲಾ ಕಣಿವೆದಾರಿಯನ್ನು ಶತ್ರುಗಳು ಹಿಡಿದು ಲೇಹದ ಮಾರ್ಗವನ್ನು ಮುಚ್ಚಿದ್ದಾಗ, ಟ್ಯಾಂಕುಗಳು ಏರಲಾರವೆಂದು ಎಲ್ಲರೂ ನಂಬಿದ್ದ ಆ ಹಿಮದ ಎತ್ತರಕ್ಕೆ ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿ, ನವೆಂಬರ್ 1ರಂದು ಶತ್ರುವನ್ನು ಹೊಡೆದಟ್ಟಲಾಯಿತು. (ಈ ಕ್ಯಾವಲ್ರಿಯೂ ಹಿಂದೆ ಹೇಳಿದ ಎಂಟು ದಳಗಳಲ್ಲಿ ಒಂದೆಂಬುದನ್ನು ಓದುಗರು ಗಮನಿಸಬಹುದು.) ಅದೇ ತಿಂಗಳಿನಲ್ಲಿ ದ್ರಾಸ್, ಕಾರ್ಗಿಲ್‌ಗಳು ವಶವಾದವು, ಪೂಂಚ್ ಪಟ್ಟಣದ ದೀರ್ಘವಾದ ಮುತ್ತಿಗೆ ತೆರವಾಯಿತು. ಬಂದೂಕು ಹಿಡಿದವರ ಶೌರ್ಯಕ್ಕೆ ಎಷ್ಟು ಗೌರವ ಸಲ್ಲಬೇಕೋ, ಅಷ್ಟು ದುರ್ಗಮವಾದ ಪ್ರದೇಶದಲ್ಲಿ ಅವರಿಗೆ ಬೇಕಾದುದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಏರ್ಪಾಟಿಗೂ ಅಷ್ಟೇ ಸಲ್ಲಬೇಕು. ಇರಾಕ್ ಮತ್ತು ಬರ್ಮಾಗಳ ಅನುಭವ ವ್ಯರ್ಥವಾಗಲಿಲ್ಲ.

1949ರ ಜನವರಿ 15ರಂದು ಜನರಲ್ ರಾಯ್ ಬೂಚರರಿಂದ ಕಾರ್ಯಪ್ಪನವರು ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡರು. ಆ ದಿನವನ್ನು ದೇಶವು ಇಂದಿಗೂ ಸೇನಾದಿನವೆಂದು ಆಚರಿಸುತ್ತಿದೆ. ಜಾತಿ, ಪ್ರಾಂತಗಳ ಆಧಾರದ ಮೇಲೆ ಬ್ರಿಟಿಷರು ಕಟ್ಟಿದ್ದ ದಳಗಳ ಪಕ್ಕದಲ್ಲಿ, ಎಲ್ಲ ಪ್ರಾಂತಗಳ ಜವಾನರೂ ಜೊತೆಯಾಗಿ ನಿಲ್ಲುವ ಗಾರ್ಡ್ಸ್ ಬ್ರಿಗೇಡನ್ನು ಸ್ಥಾಪಿಸಿದ್ದು, ಪ್ರಾದೇಶಿಕ ಸೇನೆಯ ಪ್ರಾರಂಭ, ಇವು ಅವರ ಕಾಲದವು. ಸೈನಿಕನು ರಾಜಕೀಯದಿಂದ ದೂರವಿರಬೇಕೆಂಬುದು ಅವರ ಅಚಲ ನಿಲುವಾಗಿತ್ತು. ಅವಧಿ ತೀರಿದೊಡನೆ, 1953ರ ಜನವರಿ 14ರಂದು, ರಾಜೇಂದ್ರಸಿಂಹಜಿಯವರಿಗೆ ಅಧಿಕಾರವನ್ನೊಪ್ಪಿಸಿ ನಿವೃತ್ತರಾದರು. ಐದು ವರ್ಷಗಳ ಅನಂತರ ನೆರೆಯ ದೇಶದಲ್ಲಿ ಅಯೂಬ್ ಖಾನರು ರಾಜ್ಯವನ್ನೇ ಕೈವಶ ಮಾಡಿಕೊಂಡುದನ್ನು ನೆನೆದರೆ, ಆ ಸಹಜವಾದ ನಿರ್ಗಮನ ಎಷ್ಟು ದೊಡ್ಡ ಸಾಧನೆಯೆಂಬುದು ತಿಳಿಯುತ್ತದೆ.

ನಿವೃತ್ತಿಯ ಬಳಿಕ 1956ರವರೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರಾಗಿದ್ದರು. ಮಾಜಿ ಸೈನಿಕರ ಹಿತಕ್ಕಾಗಿ ಎಡೆಬಿಡದೆ ದುಡಿದರು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಪುತ್ರನು ಪಾಕಿಸ್ತಾನದ ಸೆರೆಯಾದಾಗ, ಹಳೆಯ ಪರಿಚಯವನ್ನು ನೆನೆದು ಅಯೂಬರು ವಿಶೇಷ ಉಪಚಾರಕ್ಕೆ ಮುಂದಾದರೆಂದೂ, ಸೆರೆಯಲ್ಲಿರುವವರೆಲ್ಲರೂ ತನಗೆ ಮಕ್ಕಳೇ, ಎಲ್ಲರನ್ನೂ ಸಮನಾಗಿ ಕಾಣಬೇಕೆಂದು ತಂದೆ ಉತ್ತರಿಸಿದರೆಂದೂ ಕೊಡಗಿನಲ್ಲಿ ಇಂದಿಗೂ ಹೇಳುತ್ತಾರೆ. 1971ರಲ್ಲಿ ಮುಂಬಯಿಯಿಂದ ಶಿವಸೇನೆಯ ಬೆಂಬಲದೊಡನೆ ಲೋಕಸಭೆಗೆ ಸ್ಪರ್ಧಿಸಿ ಪರಾಭವಗೊಂಡರು. ಸಮವಸ್ತ್ರದಲ್ಲಿದ್ದಷ್ಟು ಕಾಲವೂ ರಾಜಕೀಯವನ್ನು ಮುಟ್ಟದವರಿಗೆ ಚುನಾವಣೆಯ ಕಣ ಒಗ್ಗಲಿಲ್ಲವೆಂದೇ ತೋರುತ್ತದೆ.

1986ರಲ್ಲಿ ಕೇಂದ್ರ ಸರ್ಕಾರವು ಇವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಿತು. ಅದಕ್ಕೆ ಮುನ್ನ ಆ ಗೌರವ ಸಂದಿದ್ದುದು ಮಾಣೆಕ್‌ಷಾ ಒಬ್ಬರಿಗೆ. ಮಡಿಕೇರಿಯ ‘ರೋಶನಾರಾ’ ಎಂಬ ತಮ್ಮ ಮನೆಯಲ್ಲಿ ವಾರ್ಧಕ್ಯವನ್ನು ಕಳೆದು, 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು. ಮಡಿಕೇರಿಯಲ್ಲಿ ಸಕಲ ಸೈನಿಕ ಮರ್ಯಾದೆಗಳೊಡನೆ ನಡೆದ ಅಂತ್ಯಸಂಸ್ಕಾರದಲ್ಲಿ ಮಾಣೆಕ್‌ಷಾ ಅವರೂ ಉಪಸ್ಥಿತರಿದ್ದರು.