ಕರಿಕೋಟು ಕಾರಾಗೃಹವಾಸ ಕಂಡ ಕಾಲ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೀರ್ತಿ ನಮಗೆಲ್ಲ ಪಿತ್ರಾರ್ಜಿತವಾಗಿ ಬಂದ ಸಂಪತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಭರತಖಂಡವೇ ಬೆರಗಾಯಿತು. ಆದರೆ ಆ ಪಾತಾಳದಲ್ಲಿ ಬಂಡೆ ಸೀಳುತ್ತಿದ್ದವರಲ್ಲಿ ಬಹುಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದ ತಮಿಳು ದಲಿತರು. 1930ರಲ್ಲಿ ಅವರ ಬೆರಳಚ್ಚು ಪಡೆದು ದಾಖಲಿಸಬೇಕೆಂಬ ನಿಯಮ ಬಂದಾಗ, ಅಪರಾಧಿಗಳಂತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳಲೊಲ್ಲದೆ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಅಕ್ಷರವಿಲ್ಲದ ಕೈಗಳು ಸಂಸ್ಥಾನಕ್ಕೆ ಕಲಿಸಿದ ಸ್ವಾಭಿಮಾನದ ಮೊದಲ ಪಾಠವಿದೆಂದು ನಾನು ನಂಬುತ್ತೇನೆ.

ಅಂಥ ಶ್ರಮಜೀವಿಗಳ ಪಕ್ಷ ವಹಿಸಲು ಕರಿಕೋಟು ತೊಟ್ಟ ವಕೀಲರೂ ಮುಂದೆ ಬಂದರು. ಅವರಲ್ಲಿ ಅಗ್ರಗಣ್ಯರು ಬೆಂಗಳೂರಿನ ಕೆ.ಟಿ. ಭಾಷ್ಯಂ, ಮಿಲ್ಲು ಕಾರ್ಮಿಕರ ಮುಖಂಡರು, ಮೈಸೂರು ಕಾಂಗ್ರೆಸ್ಸಿನ ಧೀರ ವಾಣಿ. ದಿವಾನ್ ಮಿರ್ಜಾ ಇಸ್ಮಾಯಿಲರು ಮಹಾನಿರ್ಮಾತೃ, ಅದರಲ್ಲಿ ಸಂದೇಹವಿಲ್ಲ. ಆದರೂ ಎದುರುಮಾತನ್ನು ಸಹಿಸುವ ಔದಾರ್ಯ ಅವರ ಆಡಳಿತಕ್ಕಿರಲಿಲ್ಲ. 1937ರಲ್ಲಿ ಭಾಷ್ಯಂ ಬಂಧಿತರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯ ನ್ಯಾಯವಾದಿ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದು ಮಾತನಾಡಿದಾಗ ಅವರನ್ನೂ ಹಿಡಿದರು. ನಗರ ಹೊತ್ತಿ ಉರಿಯಿತು, ಗುಂಡುಗಳು ಹಾರಿದವು. ಆರು ತಿಂಗಳು ಕಳೆಯುವಷ್ಟರಲ್ಲಿ, 1938ರ ಏಪ್ರಿಲ್ 25ರಂದು, ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ, ವಿದುರಾಶ್ವತ್ಥದ ನೆಲ ರಕ್ತದಿಂದ ತೊಯ್ದಿತು.

ಸೆರೆಮನೆ ಸಾಲದೆಂಬಂತೆ ಜೀವನೋಪಾಯಕ್ಕೂ ಕತ್ತಿ ಬಿತ್ತು. ಮೈಸೂರಿನ ಹೆಸರಾಂತ ನ್ಯಾಯವಾದಿ ಎಚ್.ಸಿ. ದಾಸಪ್ಪ ಮೊದಲಾದವರ ವಕೀಲಿಕೆಯ ಸನ್ನದುಗಳ ಮೇಲೆ ಹೈಕೋರ್ಟು ಕ್ರಮ ಜರುಗಿಸಿತು. 1940ರಲ್ಲಿ ಸ್ವತಃ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಮೈಸೂರಿನ ವಕೀಲರ ಪರ ಬರೆದರು. ಸನ್ನದು ಹೋದ ವಕೀಲನ ಮನೆಯ ಸ್ಥಿತಿ ಏನಾಗುತ್ತದೆಂಬುದನ್ನು ಕೋರ್ಟಿನ ನೆರಳಲ್ಲೇ ಬದುಕುವ ಮೈಸೂರಿನ ಚಾಮರಾಜಪುರಂನ ಹಳೆಯ ಮನೆತನಗಳಿಗೆ ವಿವರಿಸಬೇಕಾಗಿಲ್ಲ.

ಕಾಲಚಕ್ರ ಉರುಳಿತು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಭುಗಿಲೆದ್ದು, ಇಂದು ಚಾಮರಾಜಪುರಂನ ಸೆರಗಿನಲ್ಲಿರುವ ರಾಮಸ್ವಾಮಿ ವೃತ್ತಕ್ಕೆ ತನ್ನ ಹೆಸರು ಬಿಟ್ಟುಹೋದ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅರಮನೆ ಮಣಿಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗ ದಾಸಪ್ಪನವರು ಮಂತ್ರಿಗಳಾದರು. ಭಾಷ್ಯಂ ಅವರಿಗೆ ಕಾನೂನಿನೊಡನೆ ಕಾರ್ಮಿಕ ಖಾತೆಯೂ ಒಲಿಯಿತು.