ಪೇಟಿಯ ಮೇಲೆ ದೇವರನಾಮ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಾರ್ಮೋನಿಯಮ್ಮಿಗೆ ಹಳಬರು ಪೇಟಿ ಅಂತಲೇ ಹೇಳೋದು. ದೇವಸ್ಥಾನದ ಹೆಬ್ಬಾಗಿಲ ಪಕ್ಕ ಭಜನೆ ಶುರುವಾದರೆ ಮೊದಲು ಕೇಳೋದು ಅದರ ಬಾತೆಯ ಉಸಿರು, ಆಮೇಲೆ ತಾಳ, ಆಮೇಲೆ ಹಾಡು. ಗಮನ ಇಟ್ಟು ಕೇಳಿದ್ದೀರೋ ಇಲ್ಲವೋ, ಹಾಡು ದಾಸರದ್ದಾದರೂ ಪೇಟಿಯವರು ನುಡಿಸೋ ಧಾಟಿ ದಾಸರದ್ದಲ್ಲ. ಎರಡು ಸಾಲಿನ ನಡುವೆ ಸಿಗೋ ಜಾಗದಲ್ಲಿ ಅವರು ಸುರುಳಿ ಸುತ್ತಿಕೊಂಡು ಇಳಿದು ಬರ್ತಾರಲ್ಲ, ಅದು ಶುದ್ಧ ಕಂಪನಿ ನಾಟಕ! ರಾಜ ಸಿಂಹಾಸನದಿಂದ ಎದ್ದು ಬರುವಾಗ ನುಡಿಸೋ ತರಹದ್ದು.

ಇದು ಬಂದದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ದಾರಿ ಪ್ಯಾರಿಸ್ಸಿಗೆ ಹೋಗಿ ಮುಟ್ಟತ್ತೆ. 1840ರ ದಶಕದ ಆರಂಭದಲ್ಲಿ ಅಲೆಕ್ಸಾಂಡರ್ ಡಿಬೇನ್ ಅನ್ನೋ ಫ್ರೆಂಚ್ ಕುಶಲಕರ್ಮಿ ಈ ವಾದ್ಯಕ್ಕೆ ಪೇಟೆಂಟ್ ತಗೊಂಡ. ದೊಡ್ಡ ಆರ್ಗನ್ ಇಡೋಕೆ ದುಡ್ಡಿಲ್ಲದ ಸಣ್ಣ ಚರ್ಚುಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಮಿಷನರಿಗಳು ಇಂಥ ವಾದ್ಯಗಳನ್ನು ಹಡಗಿನಲ್ಲಿ ಇಂಡಿಯಾಕ್ಕೆ ತಂದರು. ಕಾಲಲ್ಲಿ ತುಳಿದು ಗಾಳಿ ಹಾಕಿ, ಕುರ್ಚಿಯ ಮೇಲೆ ಕೂತು ನುಡಿಸೋ ವಾದ್ಯ. ನಮ್ಮವರು ಕೂರೋದು ಚಾಪೆ ಮೇಲೆ. 1875ರಲ್ಲಿ ಕಲ್ಕತ್ತೆಯಲ್ಲಿ ದ್ವಾರಕಿನ್ ಕಂಪನಿ ಶುರು ಮಾಡಿದ ದ್ವಾರಕಾನಾಥ ಘೋಷರು ಕಾಲು ತೆಗೆದು, ಬಾತೆಯನ್ನು ಹಿಂದಕ್ಕೆ ಹಾಕಿ, ಎಡಗೈಲಿ ಗಾಳಿ ಬಲಗೈಲಿ ಸ್ವರ ಅನ್ನೋ ಹಾಗೆ ಮಾಡಿದರು ಅಂತ ಹೇಳ್ತಾರೆ. ಎರಡು ಕೈಯಲ್ಲಿ ನುಡಿಸೋದು ಹೋಯ್ತು. ನಮ್ಮ ಸಂಗೀತದಲ್ಲಿ ಎಡಗೈಗೆ ಕೆಲಸ ಇರಲೂ ಇಲ್ಲ ಬಿಡಿ.

ಕಾಲು ಹಾರ್ಮೋನಿಯಂ ಮಾತ್ರ ನಾಟಕದವರ ಹತ್ತಿರ ಉಳೀತು. ಡೇರೆಯ ಕೊನೇ ಸಾಲಿನವರೆಗೂ ಕೇಳಬೇಕಲ್ಲ! ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿದ ಮೇಲೆ ಮರಾಠಿ ಸಂಗೀತ ನಾಟಕದ ಗಾಳಿ ಉತ್ತರ ಕರ್ನಾಟಕದ ತುಂಬ ಬೀಸಿತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಆಮೇಲೆ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು... ಒಬ್ಬರಾದ ಮೇಲೊಬ್ಬರು. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ ಬಂತು ಅಂದರೆ ನಾಟಕದ ಡೇರೆಯೂ ಬಂತು. ನಾಟಕ ನೋಡಿ ಬಂದ ಹಳ್ಳಿಯ ಪೇಟಿಯವರು ಮಟ್ಟುಗಳನ್ನು ಕಿವಿಯಲ್ಲಿ ತುಂಬಿಕೊಂಡು ಮನೆಗೆ ಬಂದರು. ಮುಂದಿನ ಶನಿವಾರ ಅದೇ ಮಟ್ಟು, ಮಾತು ಮಾತ್ರ ದೇವರದ್ದು.

ಇದನ್ನೆಲ್ಲ ಬರೆಯೋಕೆ ಒಂದು ಕಾರಣ ಇದೆ. ನಮ್ಮೂರ ಭಜನಾ ಮಂಡಳಿಯಲ್ಲಿ ಒಂದು ಜಗಳ ನಡೀತಾ ಇದೆ. ಪೇಟಿಯ ರೀಡು ಹಾಳಾಗಿದೆ, ಅದನ್ನು ಕೊಟ್ಟುಬಿಟ್ಟು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳೋಣ, ಹಾಗೇ ಈ ನಾಟಕದ ಧಾಟಿ ಬಿಟ್ಟು ಮೂಲ ಮಟ್ಟಿನಲ್ಲೇ ಹಾಡೋಣ ಅಂತ ಒಂದು ಗುಂಪು. "ಇದೆಂತ, ಭಜ್ನೆಯನಾ ನಾಟ್ಕನಾ?" ಅನ್ನೋದು ಅವರ ಪ್ರಶ್ನೆ. ಇನ್ನೊಂದು ಗುಂಪಿನಲ್ಲಿ ಇರೋದು ಮುಖ್ಯವಾಗಿ ಒಬ್ಬರೇ. ಐವತ್ತು ವರ್ಷದಿಂದ ಪೇಟಿ ನುಡಿಸ್ತಾ ಬಂದ ಅಜ್ಜ. ಅವರು ವಾದ ಮಾಡೋರಲ್ಲ. ಹಾಗಾಗಿ ಅವರ ಪರವಾಗಿ ನಾನೇ ಸ್ವಲ್ಪ ಓದಿಕೊಂಡೆ.

ಮೂಲ ಮಟ್ಟು ಅಂದರೆ ಯಾವುದು? ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಅಂತ ಲೆಕ್ಕ. ಹಳೇ ಹಸ್ತಪ್ರತಿಗಳಲ್ಲಿ ಹೆಚ್ಚೆಂದರೆ ಮೇಲ್ಗಡೆ ರಾಗ ತಾಳದ ಹೆಸರು ಇರತ್ತೆ, ಸ್ವರ ಬರೆದಿಟ್ಟಿಲ್ಲ. 1850ರಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಸಾಹೇಬರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರಲ್ಲ, ಅದರಿಂದ ಉಳಿದದ್ದೂ ಪದವೇ. ಈಗ ಕಛೇರಿಗಳಲ್ಲಿ ಹಾಡೋ ಮಟ್ಟುಗಳಲ್ಲಿ ಎಷ್ಟೋ 20ನೇ ಶತಮಾನದ ವಿದ್ವಾಂಸರು ಕೂರಿಸಿದ್ದು. ಭೀಮಸೇನ ಜೋಶಿಯವರು ಅದೇ ಪದಗಳನ್ನು ಹಿಂದೂಸ್ತಾನಿಯಲ್ಲಿ ಹಾಡಿದಾಗ ಯಾರೂ ತಕರಾರು ಮಾಡಲಿಲ್ಲ, ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ಅಜ್ಜ ಮಾಡಿದರೆ ಮಾತ್ರ ನಾಟಕ.

ಅಮೆರಿಕದಲ್ಲೂ ಇಂಥದ್ದೇ ಜಗಳ ಆಗಿತ್ತು. ಥಾಮಸ್ ಡಾರ್ಸಿ ಅಂತ, 1899ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವನು. ಅಪ್ಪ ಪಾದ್ರಿ, ಅಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸ್ತಿದ್ದಳು. ಮಗ 'ಜಾರ್ಜಿಯಾ ಟಾಮ್' ಅನ್ನೋ ಹೆಸರಲ್ಲಿ ಬ್ಲೂಸ್ ಪಿಯಾನೋ ನುಡಿಸಿಕೊಂಡು ಪೋಲಿ ಹಾಡುಗಳಿಂದ ಹೆಸರು ಮಾಡಿದ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ಸತ್ತಳು, ಹಿಂದೆಯೇ ಮಗುವೂ ಹೋಯ್ತು. ಆ ದುಃಖದಲ್ಲಿ ಹಳೇ ಚರ್ಚಿನ ಮಟ್ಟೊಂದನ್ನು ಎತ್ತಿಕೊಂಡು ಬ್ಲೂಸಿನ ಧಾಟಿಯಲ್ಲಿ ಒಂದು ಪ್ರಾರ್ಥನೆ ಕಟ್ಟಿದ. ದೊಡ್ಡ ದೊಡ್ಡ ಚರ್ಚಿನವರು ಅವನ ಧಾಟಿಯನ್ನು ಹೆಂಡದಂಗಡಿ ಸಂಗೀತ ಅಂತ ಹೊರಗಿಟ್ಟಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಅದೇ ಪ್ರಾರ್ಥನೆ.

ನನಗೆ ಮಜಾ ಅನ್ನಿಸಿದ್ದು ಕೈಯ ಕೆಲಸ. ಬ್ಲೂಸಿನಲ್ಲಿ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಇರತ್ತೆ. ಗಂಟಲಲ್ಲಿ ಅದು ಬರತ್ತೆ, ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಆಗ ಗಾಸ್ಪೆಲ್ ಪಿಯಾನೋದವರು ಏನು ಮಾಡ್ತಾರೆ? ಕರಿ ಮನೆ ಮುಟ್ಟಿ ತಟ್ಟನೆ ಬಿಳಿ ಮನೆಗೆ ಬೆರಳು ಜಾರಿಸ್ತಾರೆ, ಕಿವಿ ನಡುವಿನದನ್ನು ತಾನೇ ತುಂಬಿಕೊಳ್ಳತ್ತೆ. ನಮ್ಮ ಅಜ್ಜ ಕಣಸ್ವರ ಹಾಕೋದು ಥೇಟ್ ಹೀಗೇ! ಗಮಕ ಬಾರದ ವಾದ್ಯದಲ್ಲಿ ಗಮಕದ ಭ್ರಮೆ. ಪೇಟಿಗೆ ಒಂದು ಅನುಕೂಲ ಜಾಸ್ತಿ: ಪಿಯಾನೋದ ಸ್ವರ ಹೊಡೆದ ಕೂಡಲೇ ಸಾಯೋಕೆ ಶುರು, ಪೇಟಿಯದ್ದನ್ನು ಬಾತೆ ಒತ್ತಿ ಉಬ್ಬಿಸಬಹುದು. ಒಬ್ಬರು ಹೇಳಿಕೊಟ್ಟು ಉಳಿದವರು ತಿರುಗಿ ಹೇಳೋದು, ಕೊನೆಗೆ ಒಂದೇ ಸಾಲು ಹಿಡಿದು ಲಯ ಏರಿಸೋದು, ಅದೂ ಎರಡು ಕಡೆಯೂ ಇದೆ. ಸಾಗರ, ತೀರ್ಥಹಳ್ಳಿಯ ಚರ್ಚುಗಳಲ್ಲೂ ಎರಡನೇ ವ್ಯಾಟಿಕನ್ ಸಭೆ (1962-65) ಆದಮೇಲೆ ಲ್ಯಾಟಿನ್ ಹೋಗಿ ನಮ್ಮ ಭಾಷೆಗಳು ಬಂದವು. ಅಲ್ಲಿ ನಾನು ಕೇಳಿದ ಕೆಲವು ಕನ್ನಡ ಗೀತೆಗಳು ಕಣ್ಣು ಮುಚ್ಚಿಕೊಂಡರೆ ಭಜನೆಯೇ.

ಪೇಟಿಯ ಮೇಲಿನ ನಿಜವಾದ ಆರೋಪ ಬೇರೆ, ಅದು ಗಟ್ಟಿಯಾದ್ದು ಕೂಡ. ಒಂದು ಸ್ಥಾಯಿಯನ್ನು 1200 ಸೆಂಟು ಅಂತ ಇಟ್ಟುಕೊಂಡರೆ ಪೇಟಿಯಲ್ಲಿ ಹನ್ನೆರಡು ಮನೆಗೂ ತಲಾ 100. ತಂಬೂರಿಯಿಂದ ಹೊರಡೋ ಅಂತರ ಗಾಂಧಾರ 386ರ ಹತ್ತಿರ, ಪೇಟಿಯದ್ದು 400. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೌಂಡಿಂಗ್ ಎರರ್. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟು, ಯಾರಿಗೂ ಗೊತ್ತಾಗಲ್ಲ. ಗಾಂಧಾರದ 14 ಸೆಂಟು ಮಾತ್ರ ಒಳ್ಳೆ ಕಿವಿಗೆ ಚುಚ್ಚತ್ತೆ. ರವೀಂದ್ರನಾಥ ಠಾಕೂರರಿಗೇ ಪೇಟಿ ಕಂಡರೆ ಆಗ್ತಿರಲಿಲ್ಲ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಇದನ್ನು ನಿಷೇಧಿಸಿತು. ಬ್ರಿಟಿಷರು ಹೋದರು, ನಿಷೇಧ ಹೋಗಲಿಲ್ಲ! 1971ರವರೆಗೆ ಇತ್ತು, ಆಮೇಲೂ ಸಡಿಲವಾದದ್ದು ಸ್ವಲ್ಪ ಸ್ವಲ್ಪವೇ. ಮಲೆನಾಡಿಗೆಲ್ಲ ಕೇಳೋ ಭದ್ರಾವತಿ ಆಕಾಶವಾಣಿ ಹುಟ್ಟಿದ್ದು 1965ರಲ್ಲಿ, ಅಂದರೆ ನಿಷೇಧದ ನಡುವೆಯೇ. ರೇಡಿಯೋದಲ್ಲಿ ಪೇಟಿ ಬೇಡ ಅಂತಿದ್ದ ಆ ವರ್ಷಗಳಲ್ಲೂ ಭಜನೆ ಮನೆಗಳಲ್ಲಿ ಅದು ಶನಿವಾರಕ್ಕೊಮ್ಮೆ ಬಾಯಿಬಿಡ್ತಾನೇ ಇತ್ತು. ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರು (1917-2010) ತಲೆಮಾರುಗಟ್ಟಲೆ ಶಿಷ್ಯರನ್ನು ತಯಾರು ಮಾಡಿದರು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಬೆಳೆದ ಬಿ.ವಿ. ಕಾರಂತರು ಆ ನಾಟಕದ ಧಾಟಿಯನ್ನೇ ರಂಗಸಂಗೀತ ಅಂತ ಗೌರವದ ಜಾಗಕ್ಕೆ ತಂದು ಕೂರಿಸಿದರು. ನಮ್ಮ ಪಕ್ಕದ ಹೆಗ್ಗೋಡಿನ ನೀನಾಸಂ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನೂ ಮಂಡಳಿಯ ಮುಂದೆ ಹೇಳಿದೆ. ಡಾರ್ಸಿಯ ಕಥೆ ಯಾರಿಗೂ ಬೇಕಾಗಲಿಲ್ಲ, ಬಿಜಾಪುರೆಯವರ ಹೆಸರು ಕೆಲಸ ಮಾಡ್ತು. ರಿಪೇರಿಗೆ ಹಾಕೋಣ ಅಂತಾಯ್ತು. ಶ್ರುತಿಪೆಟ್ಟಿಗೆಯೂ ಬರತ್ತೆ, ಅದು ಬೇರೆ ಮಾತು.

ಬಿಚ್ಚಿ ನೋಡಿದರೆ ಅದರ ಸ್ಥಿತಿ ಮಲೆನಾಡಿನ ಮಳೆಗಾಲಗಳ ದಾಖಲೆ ಇದ್ದಂಗಿತ್ತು. ಬಾತೆಯ ಮಡಿಕೆಯಲ್ಲಿ ಬೂಸಲು, ಚರ್ಮ ಗಟ್ಟಿಯಾಗಿ ಗಾಳಿ ಸೋರಿಕೆ, ಉಬ್ಬಿಕೊಂಡು ಒಂದಕ್ಕೊಂದು ಉಜ್ಜುವ ಮರದ ಮನೆಗಳು. ಹಿತ್ತಾಳೆ ರೀಡುಗಳನ್ನು ಮಾತ್ರ ಉಳಿಸಬಹುದು ಅಂದರು ರಿಪೇರಿಯವರು. ರೀಡಿನ ತುದಿ ಕೆರೆದರೆ ಸ್ವರ ಏರತ್ತೆ, ಬುಡ ಕೆರೆದರೆ ಇಳಿಯತ್ತೆ, ಇಷ್ಟೇ ಸೂತ್ರ. ಕೆರೆದದ್ದನ್ನು ವಾಪಸ್ ಅಂಟಿಸೋಕಾಗಲ್ಲ, ಅನ್‌ಡೂ ಇಲ್ಲ.

ಗಾಂಧಾರವನ್ನು ಆ 14 ಸೆಂಟು ಇಳಿಸಿ ತಂಬೂರಿಗೆ ಹೊಂದಿಸಿ ಕೊಡಲಾ ಅಂತ ಅವರೇ ಕೇಳಿದರು. ಆಸೆಯಾಯ್ತು. ಆದರೆ ಹಾಗೆ ಮಾಡಿದರೆ ಒಂದು ಶ್ರುತಿಗೆ ಮಾತ್ರ ಸರಿ, ಷಡ್ಜ ಬೇರೆ ಮನೆಗೆ ಹೋದ ಕೂಡಲೇ ಇನ್ನೆಲ್ಲೋ ಅಪಸ್ವರ. ನಮ್ಮ ಮಂಡಳಿಯಲ್ಲಿ ಹೆಂಗಸರದ್ದು ಒಂದು ಶ್ರುತಿ, ಗಂಡಸರದ್ದು ಇನ್ನೊಂದು, ಮಕ್ಕಳದ್ದು ದೇವರಿಗೇ ಗೊತ್ತು. ಅಜ್ಜನನ್ನು ಕೇಳಿದೆವು. "ಇದ್ದಂಗೇ ಇರ್ಲಿ, ನಾ ಜಾರ್ಸ್ಕ್ಯಂತಿ" ಅಂದರು.